ಬಾಣಲಿ ಮುಂದೆ ನಿಂತ ಗಿರಾಕಿ

ನಂಜನಗೂಡಿನ ಒಂದು ಬಾಳೆಕಾಯಿ ಚಿಪ್ಸ್ ಅಂಗಡಿಯಲ್ಲಿ ಎರಡು ವರ್ಷದಿಂದ ಬಾಣಲಿ ನೋಡಿಕೊಳ್ಳುತ್ತಿದ್ದೆ. ನಾನು ಅಷ್ಟು ದಿನ ಒಂದೇ ಕಡೆ ನಿಂತಿದ್ದು ಅದೇ ಮೊದಲು. ಆದರೂ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ.

"ಇವತ್ತು ಇರ್ತೀಯ, ನಾಳೆ ಎದ್ದೋಯ್ತೀಯ. ನಿನ್ನೆಸ್ರು ಯಾಕ್ಲಾ ಬರೀಲಿ?" ಅನ್ನೋರು ಯಜಮಾನರು.

ನನಗಿಂತ ವರ್ಷ ತಡವಾಗಿ ಬಂದ ಹೆಮ್ಮಿಗೆಯ ಮಾದೇವನ ಹೆಸರಿತ್ತು. ಹೆಸರಿದ್ದವರಿಗೆ ಪುಕ್ಕಟೆ ಆಸ್ಪತ್ರೆಗೆ ಅಂತ ಸಿಗುವ ಇಎಸ್‌ಐ ಕಾರ್ಡು ಅವನ ಅಂಗಿ ಜೇಬಿನಿಂದ ಅರ್ಧ ಆಚೆ ಇಣುಕುತ್ತಿತ್ತು. ಅದನ್ನು ಕಂಡರೇ ನನಗೆ ಹೊಟ್ಟೆ ಉರಿ. ಅವನ ಹೆಂಡತಿಯ ಆಪರೇಷನ್ ಆ ಕಾರ್ಡಿನಲ್ಲೇ ಆಯಿತು. ನಮ್ಮವ್ವ ಮಾತ್ರ ಕಣ್ಣಲ್ಲಿ ಪೊರೆ ಇಟ್ಟುಕೊಂಡು ಗೋಡೆ ಸವರಿಕೊಂಡು ಓಡಾಡುತ್ತಿದ್ದಳು.

ಲೇಬರ್ ಇನ್‌ಸ್ಪೆಕ್ಟರ್ ಬಂದರೆ ಪುಸ್ತಕದಲ್ಲಿ ಇಲ್ಲದವರು ಗಿರಾಕಿಗಳಾಗಿ ನಿಲ್ಲುವುದು ನಮ್ಮಲ್ಲಿ ರೂಢಿ. ಅವತ್ತೂ ನಾನು ಕೈಚೀಲ ಹಿಡಿದು ನಿಂತೆ. ಬಂದಿದ್ದ ಮೇಡಂ ಪುಸ್ತಕ ತಿರುವುತ್ತಿದ್ದರು. ಮಾದೇವ ಅವರನ್ನೇ ನೋಡುತ್ತಾ ಬಾಣಲಿ ಮರೆತ. ಸೀದ ವಾಸನೆ ಬಂದಾಗ ನನಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ, ಅವನ ಕೈಯಿಂದ ಜಾಲರಿ ಕಿತ್ತುಕೊಂಡು ಚಿಪ್ಸ್ ಎತ್ತಿದೆ.

"ಇಲ್ಲಿ ಗಿರಾಕಿಗಳೇ ಚಿಪ್ಸ್ ಕರಿದ್ಕೋತಾರಾ?" ಅಂದರು ಮೇಡಂ.

"ನಂಗೆ ಗರಿಗರಿಯಾಗಿರ್ಬೇಕು ಮೇಡಂ," ಅಂದೆ.

ಅವರು ನಗಲಿಲ್ಲ. ಯಜಮಾನರೇ ಬಾಯಿ ಹಾಕಿದರು: "ಇವತ್ತೇ ಸೇರವ್ನೆ ಮೇಡಂ, ಇನ್ನೂ ಬರ್ಕೊಂಡಿಲ್ಲ."

"ಹಾಗಾದ್ರೆ ನನ್ನೆದುರಿಗೇ ಬರೀರಿ."

ಬರೆದರು. ಕಾರ್ಡು ಬಂತು, ವರ್ಷದೊಳಗೆ ಅವ್ವನ ಪೊರೆಯೂ ಹೋಯಿತು. ಆದರೆ ನಾನು ಕೆಲಸಕ್ಕೆ ಸೇರಿದ್ದು ಅವತ್ತು ಅಂತಲೇ ಪುಸ್ತಕ ಹೇಳುತ್ತದೆ. ಹಾಗಾಗಿ ಮಾದೇವ ಈಗ ನನ್ನ ಸೀನಿಯರ್. ಎಣ್ಣೆ ಎಷ್ಟು ಕಾಯಬೇಕು ಅಂತ ನನಗೇ ಹೇಳಿಕೊಡುತ್ತಾನೆ.