ಕೊಬ್ಬರಿ ಚೂರಿನ ತೂಕ

ರತ್ನ, ಆ ಕೊಬ್ಬರಿ ಚೂರನ್ನು ಬದಲಾಯಿಸಿದವಳು ನಾನು. ಥಂಡಿಗೆ ಅದು ನೀರು ಎಳೆದುಕೊಂಡಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ನಿನ್ನ ಆರು ಗ್ರೀಟಿಂಗ್ ಕಾರ್ಡುಗಳು ಸ್ಟಾಂಪು ಸಾಲದೆ ನಾಟ್‌ಪೇಯ್ಡ್ ಆಗಿ ಮನೆಗೆ ವಾಪಸು ಬಂದದ್ದು ನಿನ್ನ ಲೆಕ್ಕ ತಪ್ಪಿ ಅಲ್ಲ — ನಾನು ತಪ್ಪಿಸಿ.

ಬರೆದೆ. ಇಷ್ಟು ಬರೆಯಲು ನಲವತ್ತು ವರ್ಷದ ಮೇಲೆ ಹಿಡಿಯಿತು.

ಹೋದ ತಿಂಗಳು ಕಿಬ್ಬನಹಳ್ಳಿಯ ನಿನ್ನ ಮನೆಗೆ ಬಂದಿದ್ದೆನಲ್ಲ, ಆಗ ನಿನ್ನ ಮೊಮ್ಮಗಳು ಟ್ರಂಕಿನಿಂದ ಆ ಕಾರ್ಡುಗಳನ್ನು ತೆಗೆದು, ಇವುಗಳ ಮೇಲೆ ಇಷ್ಟೊಂದು ಸೀಲು ಯಾಕೆ ಎಂದು ಕೇಳಿದಳು. ನೀನು ನಕ್ಕು ಅವಳಿಗೆ ಹೇಳಿದೆ: "ನಂಗೆ ಬಣ್ಣ ಗೊತ್ತಿತ್ತು ಕಣೇ ಪುಟ್ಟಿ, ತೂಕ ಗೊತ್ತಿರ್ಲಿಲ್ಲ. ತೂಕಕ್ಕೆ ಏನಿದ್ರೂ ನಿಮ್ಮ ದೊಡ್ಡಜ್ಜಿನೇ ಸೈ." ಆ ದೊಡ್ಡಜ್ಜಿ, ನಿನ್ನ ಅಕ್ಕ, ನಾನು ಎದುರಿಗೇ ಕೂತಿದ್ದೆ. ಕಾಫಿ ಲೋಟ ಕೈಯಲ್ಲಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ. ನಡುವೆ ಏನನ್ನಾದರೂ ಬಿಟ್ಟರೆ ಅಲ್ಲೇ ನಾನು ಮತ್ತೆ ಅಡಗಿಕೊಳ್ಳುತ್ತೇನೆ.

ನೀನು ಹುಟ್ಟಿದ ವರ್ಷ ನಾನು ಶಾಲೆ ಬಿಟ್ಟೆ. ಮೂರನೇ ಕ್ಲಾಸು. ಅವ್ವ ತೋಟಕ್ಕೆ ಹೋದರೆ ನಿನ್ನನ್ನು ನೋಡಿಕೊಳ್ಳುವವರು ಬೇಕಿತ್ತು. ಅದು ನಿನ್ನ ತಪ್ಪಲ್ಲ, ತೊಟ್ಟಿಲಲ್ಲಿದ್ದ ಕೂಸಿನ ತಪ್ಪು ಹೇಗಾದೀತು. ಆದರೆ ನೀನು ಸ್ಲೇಟು ಹಿಡಿದು ಹೊರಟ ದಿನದಿಂದ ನನ್ನ ಹೊಟ್ಟೆಯೊಳಗೆ ಏನೋ ಒಂದು ಕೂತಿತು. ನಿನ್ನ ತಲೆ ಬಾಚುವಾಗ ಒಂದೊಂದು ಸಲ ಬೇಕೆಂದೇ ಜಡೆಯನ್ನು ಬಿಗಿ ಎಳೆಯುತ್ತಿದ್ದೆ. ನೀನು ಅಳುತ್ತಿರಲಿಲ್ಲ. ಅದಕ್ಕೂ ನನಗೆ ಸಿಟ್ಟು.

ನನ್ನನ್ನು ಊರಲ್ಲೇ ಸೋದರಮಾವನಿಗೆ ಕೊಟ್ಟರು. ಎರಡು ಮನೆಗೂ ನಡುವೆ ಒಂದು ಬೀದಿ. ಹಾಗಾಗಿ ಮದುವೆಯಾದ ಮೇಲೂ ಅಪ್ಪನ ಅಟ್ಟದ ಕೊಬ್ಬರಿ ಕೆಲಸ ನನ್ನದೇ ಆಗಿತ್ತು. ವರ್ಷದ ಹತ್ತಿರ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಇಡೀ ಗಿಟುಕಾಗಿದೆಯೋ ಇಲ್ಲವೋ ಹೇಳುವುದು, ಕೈಯಲ್ಲಿ ಹಿಡಿದೇ ತೂಕ ಹೇಳುವುದು — ಇದೊಂದು ನನಗೆ ಬರುತ್ತಿತ್ತು. ಬೇರೆ ಏನೂ ಬರುತ್ತಿರಲಿಲ್ಲ ಅಂತಲೇ ಎಲ್ಲರೂ ತಿಳಿದಿದ್ದರು.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿತ್ತು. ನೀನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ತೆಂಗಿನ ಎಳೆಗರಿ ಕತ್ತರಿಸಿ ಹಕ್ಕಿ, ನಾರಿನ ಗೂಡು, ಚಿಪ್ಪನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಹೂವಿನ ಎಸಳು — ಇವನ್ನೆಲ್ಲ ಡ್ರಾಯಿಂಗ್ ಹಾಳೆಗೆ ಅಂಟಿಸಿ ಸಂಕ್ರಾಂತಿಯ ಕಾರ್ಡು ಮಾಡುತ್ತಿದ್ದೆ. ಜಗಲಿಗೆ ಬಂದವರಿಗೆಲ್ಲ ಅಪ್ಪ ಅವನ್ನು ತೋರಿಸುತ್ತಿದ್ದ. ತಿಪಟೂರಿಗೆ ಹೋದವನು ನಿನಗೆ ಬಣ್ಣದ ಡಬ್ಬಿ ತಂದ, ನನಗೆ ಹೊಸ ಮೊರ ತಂದ. ಮೊರ ಬೇಕು ಎಂದು ಕೇಳಿದವಳು ನಾನೇ. ಆದರೂ ಆ ಎರಡನ್ನೂ ಒಂದೇ ಚೀಲದಿಂದ ತೆಗೆದಾಗ —

ಹೋಗಲಿ.

ವರ್ಗವಾಗಿ ಹೋಗಿದ್ದ ನಿನ್ನ ಡ್ರಾಯಿಂಗ್ ಟೀಚರು ಬೆಂಗಳೂರಿನ ಒಬ್ಬ ಅಂಗಡಿಯವರಿಗೆ ನಿನ್ನ ವಿಷಯ ಹೇಳಿದ್ದರು. ಅವರಿಂದ ಕಾಗದ ಬಂತು. ಆರು ಕಾರ್ಡು ಮಾಡಿ, ಆರನ್ನೂ ಬೇರೆ ಬೇರೆ ಕವರಿನಲ್ಲಿ ಅಂಚೆಗೆ ಹಾಕಬೇಕು. ಕೊಂಡವರು ಹೇಗೆ ಕಳಿಸುತ್ತಾರೋ ಹಾಗೇ ಬರಬೇಕು. ಒಂದೇ ಸ್ಟಾಂಪಿನ ತೂಕ ಮೀರಬಾರದು, ಎರಡು ಸ್ಟಾಂಪು ಹಚ್ಚಬೇಕಾದ ಕಾರ್ಡನ್ನು ಯಾರೂ ಕೊಳ್ಳುವುದಿಲ್ಲ. ಹಿಡಿಸಿದರೆ ಮುಂದಿನ ಯುಗಾದಿಗೆ ಇನ್ನೂರು ಕಾರ್ಡು.

ಅಪ್ಪ ಅವತ್ತು ಮಾತು ಕೊಟ್ಟ. ಈ ಆರ್ಡರು ಬಂದರೆ ನಿನ್ನನ್ನು ಮೈಸೂರಿಗೆ ಡ್ರಾಯಿಂಗ್ ಟೀಚರ ಕೋರ್ಸಿಗೆ ಕಳಿಸುವುದು. ಬರದಿದ್ದರೆ ಕಿಬ್ಬನಹಳ್ಳಿಯಿಂದ ಕೇಳಿಕೊಂಡು ಬಂದಿದ್ದ ಸಂಬಂಧಕ್ಕೆ ಹೂಂ ಅನ್ನುವುದು.

ನಮ್ಮೂರಲ್ಲಿ ಕೆಂಪು ಡಬ್ಬಿ ಮಾತ್ರ ಇತ್ತು, ಅಂಚೆಮನೆ ದಂಡಿನಶಿವರದಲ್ಲಿ. ಒಂದೊಂದು ಎಸಳು ಅಂಟಿಸಿದಾಗಲೂ ಅಷ್ಟು ದೂರ ನಡೆದು ತೂಗಿಸುವುದು ಹೇಗೆ? ನೀನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಉಪಾಯ ಹೇಳಿದವಳು ನಾನು. ಎರಡು ಚಿಪ್ಪಿಗೆ ದಾರ ಕಟ್ಟಿ ತಕ್ಕಡಿ ಮಾಡೋಣ, ತೂಕದ ಬೊಟ್ಟಿನ ಬದಲಿಗೆ ಒಂದು ಚೂರು ಒಣಕೊಬ್ಬರಿ ಇಡೋಣ. ಕಲ್ಲನ್ನು ಕೆತ್ತಿ ತೂಕಕ್ಕೆ ತರಲಾಗುವುದಿಲ್ಲ, ಕೊಬ್ಬರಿಯನ್ನು ಹೆರೆಯಬಹುದು. ಇಬ್ಬರೂ ದಂಡಿನಶಿವರಕ್ಕೆ ಹೋದೆವು. ಪೋಸ್ಟ್‌ಮಾಸ್ಟರು ತಮ್ಮ ತಕ್ಕಡಿಯ ಒಂದು ಕಡೆ, ಒಂದು ಸ್ಟಾಂಪಿಗೆ ಸಲ್ಲುವ ತೂಕದ ಹಿತ್ತಾಳೆಯ ಬೊಟ್ಟು ಇಟ್ಟರು. ಇನ್ನೊಂದು ಕಡೆ ಕೊಬ್ಬರಿ ಚೂರಿಟ್ಟು, ನಾನು ಚಾಕುವಿನಿಂದ ಹೆರೆದು ಹೆರೆದು ಎರಡು ತಟ್ಟೆಯನ್ನೂ ಸಮಕ್ಕೆ ನಿಲ್ಲಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನಿನ್ನ ಕಡೆ ನೋಡಿದರು. "ಓದಿದ ಹುಡುಗಿ ಅಂದ್ರೆ ಹಿಂಗಿರ್ಬೇಕು ಕಣಮ್ಮ," ಅಂದರು.

ನೀನು ಆಗಲೇ ಅಂದೆ, ಇದು ನಮ್ಮಕ್ಕನ ಉಪಾಯ ಅಂತ. ಅವರು ಸ್ಟಾಂಪು ಎಣಿಸುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ. ಮನೆಗೆ ಬಂದು ನೀನು ಅಪ್ಪನಿಗೂ ಅದನ್ನೇ ಹೇಳಿದೆ. ಅಪ್ಪ ನಕ್ಕ. "ಗಂಗಿಗಾ ಹೊಳೆದಿದ್ದು? ಅವಳು ಕಾಯಿ ಅಲ್ಲಾಡ್ಸೋಕೆ ಸರಿ ಬುಡು."

ನೀನು ನನ್ನ ಪರವಾಗಿಯೇ ಮಾತಾಡಿದ್ದೆ, ರತ್ನ. ಅದನ್ನು ನಾನು ಯಾವತ್ತೂ ಮರೆತಿಲ್ಲ. ಮರೆಯದೆಯೇ ಮಾಡಿದೆ.

ಆ ಚೂರನ್ನು ನೀನು ಅವ್ವನ ಹಳೇ ಕುಂಕುಮದ ಭರಣಿಯಲ್ಲಿ ಇಡುತ್ತಿದ್ದೆ. ಸಂಕ್ರಾಂತಿಗೆ ಎಂಟು ಹತ್ತು ದಿನ ಇದ್ದಾಗ, ಒಂದು ಮಧ್ಯಾಹ್ನ, ನೀನು ನೀರಿಗೆ ಹೋಗಿದ್ದೆ. ನಾನು ಅದೇ ಗಿಟುಕಿನ ಇನ್ನೊಂದು ಚೂರನ್ನು ಅದೇ ಆಕಾರಕ್ಕೆ ಹೆರೆದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ. ದಪ್ಪ ಮಾತ್ರ ಒಂದು ಎಳೆ ಹೆಚ್ಚು. ಎಷ್ಟು ಹೆಚ್ಚಾದರೆ ನಿನಗೆ ತಿಳಿಯುವುದಿಲ್ಲ, ಎಷ್ಟು ಹೆಚ್ಚಾದರೆ ಅಂಚೆಯವರಿಗೆ ತಿಳಿಯುತ್ತದೆ — ಅದು ನನ್ನ ಕೈಗೆ ಗೊತ್ತಿತ್ತು. ಹೊಸದನ್ನು ಭರಣಿಗೆ ಹಾಕಿದೆ. ಹಳೆಯದನ್ನು ಬಾಯಿಗೆ ಹಾಕಿಕೊಂಡು ಅಗಿದು ತಿಂದೆ. ಸಿಹಿಯಾಗಿತ್ತು. ಅದು ಸಿಹಿಯಾಗಿತ್ತು ಅನ್ನುವುದನ್ನೂ ನಿನಗೆ ಹೇಳಬೇಕು.

ಸಂಜೆ ನೀನು ಕಾರ್ಡುಗಳನ್ನು ತೂಗಿದೆ. ಕಾರ್ಡಿಟ್ಟ ಚಿಪ್ಪು ಮೇಲೇಳುವುದು ಕಂಡು ನಿನ್ನ ಮುಖ ಅರಳಿತು. "ಅಕ್ಕ, ಇನ್ನೂ ಜಾಗ ಅದೆ ಕಣೇ. ಇನ್ನೊಂದೊಂದು ಎಸಳು ಹಿಡಿಸ್ತದೆ," ಅಂದೆ. ಆರಕ್ಕೂ ಒಂದೊಂದು ಎಸಳು ಸೇರಿಸಿದೆ. ಮೊದಲಿಗಿಂತ ಚೆನ್ನಾಗಿ ಕಂಡವು. ನಾನು ದೀಪ ಹತ್ತಿರ ಹಿಡಿದುಕೊಂಡು ನೋಡುತ್ತಿದ್ದೆ. ಎಷ್ಟು ಚೆನ್ನಾಗಿದ್ದವು ಅಂದರೆ, ನನಗೆ ಇನ್ನೂ ಹೊಟ್ಟೆ ಉರಿಯಿತು. ಬೇಡ, ಒಂದು ಎಸಳು ತೆಗೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮಾರನೇ ದಿನ ಡಬ್ಬಿಗೆ ಹಾಕಲು ನಾನೂ ನಿನ್ನ ಜೊತೆ ಬಂದೆ.

ಹಬ್ಬ ಕಳೆದ ಮೇಲೆ ಆರೂ ವಾಪಸು ಬಂದವು. ಸ್ಟಾಂಪು ಸಾಲದ ಕಾಗದಕ್ಕೆ ಪಡೆಯುವವರು ಕಡಿಮೆ ಬಿದ್ದುದರ ಎರಡರಷ್ಟು ಕೊಡಬೇಕು. ಅಂಗಡಿಯವರು ಕೊಡದೆ ಹಿಂದಿರುಗಿಸಿದ್ದರು. ಪೋಸ್ಟ್‌ಮನ್ ಜಗಲಿಯ ಮೇಲೆ, ನಾಲ್ಕು ಜನರ ಎದುರಿಗೆ, ಅಪ್ಪನಿಂದ ಆ ದುಡ್ಡು ಈಸಿಕೊಂಡು ಕವರುಗಳನ್ನು ಕೊಟ್ಟ. ಎರಡು ದಿನಕ್ಕೆ ಅಂಗಡಿಯವರ ಪೋಸ್ಟ್ ಕಾರ್ಡೂ ಬಂತು. ಒಂದೇ ಸ್ಟಾಂಪಿನ ತೂಕ ಎಂದು ಬರೆದಿದ್ದರೂ ಗಮನಿಸದವರ ಜೊತೆ ವ್ಯವಹಾರ ಕಷ್ಟ ಎಂದು ಎರಡೇ ಸಾಲು. ಅಪ್ಪ ನಿನ್ನನ್ನು ಬೈಯಲಿಲ್ಲ. ಸ್ಟಾಂಪು ಹಚ್ಚೋಕೇ ಬರದವಳು ಮೈಸೂರಲ್ಲಿ ಏನು ಕಲಿತಾಳು ಎಂದು ಅವ್ವನಿಗೆ ಹೇಳಿದ, ನಿನಗೆ ಕೇಳಿಸುವ ಹಾಗೆ.

ನೀನು ಕೊಬ್ಬರಿ ಚೂರನ್ನು ಅಂಗೈಯಲ್ಲಿ ಹಿಡಿದು ನನ್ನ ಮನೆಗೆ ಬಂದೆ. ನಾನು ಒಲೆ ಮುಂದೆ ಇದ್ದೆ. "ಅಕ್ಕ, ಕೊಬ್ಬರಿ ಒಣಗಿದ್ರೆ ಹಗುರ ಆಗ್ಬೇಕಲ್ವಾ?" ಎಂದು ಕೇಳಿದೆ. "ಹಗುರ ಆಗಿದ್ರೆ ಕಾರ್ಡೇ ಭಾರ ಅನ್ಸಿ ನಾನು ಎಸಳು ತೆಗೀತಿದ್ದೆ. ಸ್ಟಾಂಪು ಕಮ್ಮಿ ಹೆಂಗಾಯ್ತು?"

ನೀನು ಸರಿಯಾಗೇ ಹಿಡಿದಿದ್ದೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನಾನು ಆ ಚೂರನ್ನು ತೆಗೆದುಕೊಂಡು, ಮೂಸಿ, ಉಗುರಿನಲ್ಲಿ ಒತ್ತಿ, ಮಾಗಿ ಚಳಿಯ ಥಂಡಿಗೆ ನೀರೆಳೆದುಕೊಂಡಿದೆ ಕಣೇ, ಅಟ್ಟದಿಂದ ಇಳಿಸಿದ್ದು ಹಿಂಗೇ ಆಗೋದು ಅಂದೆ. ನೀನು ಆ ಚೂರನ್ನು ನನ್ನ ಕೈಯಲ್ಲೇ ಬಿಟ್ಟೆ. ಆಮೇಲೆ ಹೇಳಿದೆ: "ಕೊಬ್ಬರಿ ವಿಷ್ಯ ನಿಂಗಿಂತ ಯಾರಿಗೆ ಗೊತ್ತು ಬುಡು."

ಹುಟ್ಟಿದಾಗಿನಿಂದ ನಾನು ಕಾಯುತ್ತಿದ್ದ ಮಾತು ಅದು. ಯಾರಾದರೂ ಒಬ್ಬರು, ಇದು ಗಂಗಮ್ಮನಿಗೆ ಗೊತ್ತು ಅನ್ನಲಿ ಎಂದು. ಅದು ಸಿಕ್ಕಿದ್ದು ನಿನ್ನಿಂದ — ಸಿಕ್ಕಿದ್ದು ಆ ಹೊತ್ತಿನಲ್ಲಿ.

ಆ ಬೇಸಿಗೆಗೆ ನಿನ್ನ ಮದುವೆಯಾಯಿತು. ನಿನ್ನನ್ನು ಕಳಿಸಿಕೊಡುವಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು. ಆ ಅಳು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಒಂದು ಸಮಾಧಾನ ಕೂತಿತ್ತು: ಇನ್ನು ನಿನ್ನ ಕೈಗೂ ಒಲೆಯ ಮಸಿ ಹತ್ತುತ್ತದೆ. ಹತ್ತಿತು. ನಿನ್ನ ಗಂಡನ ರಸ್ತೆ ಬದಿಯ ಹೋಟೆಲು, ಬಸ್ಸು ನಿಂತಾಗಲೆಲ್ಲ ಕಾಫಿ, ಇಡ್ಲಿ, ಮೂರು ಮಕ್ಕಳು. ನೀನು ಮತ್ತೆ ಬಣ್ಣದ ಡಬ್ಬಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ನೀನು ಸುಖವಾಗೇ ಇದ್ದೀಯ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಇದ್ದೀಯೇನೋ. ಅದು ನಿನ್ನ ದೊಡ್ಡತನ, ನನ್ನ ಪುಣ್ಯವಲ್ಲ.

ಇನ್ನೊಂದನ್ನು ಬಿಟ್ಟರೆ ಇದೂ ತೂಕ ತಪ್ಪಿದ ಕಾಗದವೇ ಆಗುತ್ತದೆ. ಹೋದ ತಿಂಗಳು ಆ ಮಗು ಮಾಸಿದ ಎಳೆಗರಿಯ ಹಕ್ಕಿಯನ್ನು ಬೆರಳಿಂದ ಸವರಿ, ನೀನೇ ಮಾಡಿದ್ದಾ ಅಜ್ಜಿ ಎಂದು ನಿನ್ನ ಮಡಿಲಿಗೆ ಒರಗಿದಾಗ, ನನಗೆ ಮತ್ತೆ ಅದೇ ಆಯಿತು. ಈ ವಯಸ್ಸಿನಲ್ಲಿ. ಪಶ್ಚಾತ್ತಾಪ ಆಮೇಲೆ ಬಂತು, ಹೊಟ್ಟೆಕಿಚ್ಚು ಮೊದಲು.

ಇದನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಕಾಫಿ ಕೊಡಬೇಡ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೂ ಸರಿ, ನಾನು ಬಾಗಿಲು ತಟ್ಟುವುದಿಲ್ಲ. ಆದರೆ ಮಗು ಶಾಲೆಯಿಂದ ಬರುವ ತನಕ ನಾನು ಜಗಲಿ ಬಿಟ್ಟು ಏಳುವುದಿಲ್ಲ. ಅವಳು ಬಂದಾಗ, ನಿಮ್ಮಜ್ಜಿಗೆ ಬಣ್ಣವೂ ಗೊತ್ತಿತ್ತು, ತೂಕವೂ ಗೊತ್ತಿತ್ತು ಎಂದು ನನ್ನ ಬಾಯಿಂದಲೇ ಹೇಳಬೇಕು.