ಖಾಸಿಂನ ಎತ್ತರಕ್ಕೊಂದು ಬೆಂಚು

1951ರಲ್ಲಿ ನಾನು ಕಲಬುರಗಿಯ ಒಂದು ಸರ್ಕಾರಿ ಕೈಗಾರಿಕಾ ಶಾಲೆಯಲ್ಲಿ ಮರಗೆಲಸದ ಮಾಸ್ತರನಾಗಿದ್ದೆ. ನನಗಾಗ ಇಪ್ಪತ್ತೇಳು ವರ್ಷ. ಕಾಗದದ ಮೇಲೆ ಊರಿನ ಹೆಸರು ಗುಲ್ಬರ್ಗಾ, ರಾಜ್ಯ ಹೈದರಾಬಾದು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವಾಗುತ್ತ ಬಂದಿತ್ತು. ಕಚೇರಿಗಳಿಂದ ಉರ್ದು ಪೂರ್ತಿ ಹೋಗಿರಲಿಲ್ಲ, ಕನ್ನಡ ಪೂರ್ತಿ ಬಂದಿರಲಿಲ್ಲ. ಹುಡುಗರಿಗೆ ಕಲಿಸುವುದರ ಜೊತೆಗೆ ಶಾಲೆಯಲ್ಲಿ ಹೊರಗಿನವರ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದೆವು. ಗಂಜ್ ಎನ್ನುವ ಕಾಳಿನ ಪೇಟೆಯ ಅಡತಿ ಅಂಗಡಿಗಳಿಗೆ ಗಲ್ಲಾಪೆಟ್ಟಿಗೆ, ಮನೆಗಳಿಗೆ ಬಾಗಿಲು, ಕಿಟಕಿ, ಮಂಚ. ಎಲ್ಲವೂ ದಿನನಿತ್ಯದ ಕೆಲಸ.

ಆ ಬೇಸಿಗೆಯಲ್ಲಿ ಕಮಲಾಪುರದಿಂದ ದಸ್ತಗೀರ ಸಾಹೇಬರು ಎಂಬ ದರ್ಜಿ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಕುತ್ತಿಗೆಗೆ ಅಳತೆಯ ಟೇಪು ಹಾಗೇ ಜೋತುಬಿದ್ದಿತ್ತು. ಬಸ್ಸಿನಲ್ಲಿ ಬರುವಾಗ ತೆಗೆದಿಡುವುದನ್ನು ಮರೆತಿದ್ದರೋ ಏನೋ. ಬಂದವರು ಕುಳಿತುಕೊಳ್ಳಲಿಲ್ಲ.

“ಮಗನಿಗಿ ಒಂದು ಬೆಂಚು ಬೇಕ್ರಿ ಮಾಸ್ತರ. ನಿಮ್ಮ ಸಾಲ್ಯಾಗ ಹುಡುಗರು ರಂದಾ ಹೊಡೀತಾರಲ್ಲ, ಅಂಥಾದು. ಮನ್ಯಾಗ ಇಡೂದು.”

ಮಗ ಬಡಿಗನೇ ಎಂದು ಕೇಳಿದೆ. ಅಲ್ಲವಂತೆ. ಓದುವ ಹುಡುಗ. ಮರದ ಗೀಳು. ಶಾಲೆ ಬಿಟ್ಟು ಬಂದೊಡನೆ ಬಾಗಿಲಲ್ಲಿ ಕುಳಿತು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೆತ್ತುತ್ತಿದ್ದನಂತೆ. ಒಂದೇ ಹಲಗೆಯನ್ನು ನಡುವೆ ಸೀಳಿ, ಕೀಲು ಬಿಡಿಸಿ, ಪುಸ್ತಕವಿಡಲು ಎರಡು ಅಂಗೈಯಂತೆ ತೆರೆಯುವ ಪೀಠ ಮಾಡುತ್ತಿದ್ದನಂತೆ. ಮುಸಲ್ಮಾನರ ಮನೆಗಳಲ್ಲಿ ಅದಕ್ಕೆ ರೆಹಲ್ ಎನ್ನುತ್ತಾರೆ, ನಮ್ಮಲ್ಲಿ ವ್ಯಾಸಪೀಠ. ಅಂಟಿಲ್ಲ, ಮೊಳೆಯಿಲ್ಲ. ನನ್ನ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೂ ಅದು ಸುಲಭದ್ದಲ್ಲ. ನನಗೆ ಹುಡುಗನ ಮೇಲೆ ಆಗಲೇ ಪ್ರೀತಿ ಬಂತು.

ಹವ್ಯಾಸಿಯ ಮನೆಬೆಂಚಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಕಾರ್ಖಾನೆಯ ಬೆಂಚಿನ ಮುಂದೆ ಹತ್ತು ಜನ ನಿಲ್ಲುತ್ತಾರೆ, ಅದು ಯಾರ ಅಳತೆಗೂ ಸರಿಯಾಗಿರುವುದಿಲ್ಲ. ಮನೆಯ ಬೆಂಚು ಹಾಗಲ್ಲ, ಅದು ಒಬ್ಬನದು. ಅವನು ಕೈ ಇಳಿಬಿಟ್ಟು ನಿಂತಾಗ ಹಲಗೆಯ ಮೇಲ್ಮೈ ಅವನ ಮಣಿಕಟ್ಟಿಗೆ ಬರಬೇಕು. ಎತ್ತರವಾದರೆ ಭುಜ ನೋಯುತ್ತದೆ, ತಗ್ಗಾದರೆ ಸೊಂಟ. ಮೇಲಿನ ಹಲಗೆ ಭಾರವಿರಬೇಕು, ಇಲ್ಲದಿದ್ದರೆ ಮರ ನಯಮಾಡುವ ರಂದಾ ತಳ್ಳಿದಂತೆಲ್ಲ ಬೆಂಚೇ ಮುಂದೆ ಹೋಗುತ್ತದೆ. ಕೆಲಸದ ತುಂಡನ್ನು ಕಚ್ಚಿ ಹಿಡಿಯಲು ಒಂದು ಗಟ್ಟಿ ವೈಸ್ ಬೇಕು. ಕಿಟಕಿಯ ಬೆಳಕು ಬೀಳುವ ಕಡೆ ಅದು ನಿಲ್ಲಬೇಕು. ಮನೆಯವರು ಓಡಾಡಲು ಜಾಗ ಬಿಟ್ಟು ನಿಲ್ಲಬೇಕು. ಇದರಲ್ಲಿ ಎತ್ತರವೇ ಮೊದಲು. ಹಾಗಾಗಿ ಹುಡುಗನನ್ನು ಒಮ್ಮೆ ಕರೆತನ್ನಿ ಎಂದೆ.

ದಸ್ತಗೀರ ಸಾಹೇಬರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಅಂವ ಊರಾಗ ಇಲ್ರಿ. ನೀವs ಒಮ್ಮಿ ನಮ್ಮ ಮನಿಗಿ ಬರ್ರಿ. ಅಂವನ ತಾಯಿ ಹೇಳ್ತಾಳ.”

ಮುಂದಿನ ರಜೆಯ ದಿನ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ರಸ್ತೆಯ ಬದಿಯಲ್ಲಿ ಹೆಂಗಸರು ಬುಟ್ಟಿಗಳಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕುಳಿತಿದ್ದರು. ಸಾಹೇಬರದು ಒಂದೇ ಕೋಣೆಯ ಮನೆ, ಹಿಂದೆ ಅಡುಗೆಯ ಜಾಗ. ಕಿಟಕಿಯ ಬಳಿ ಹೊಲಿಗೆ ಯಂತ್ರ ಇರಬೇಕಾಗಿತ್ತು. ಅದನ್ನು ಕತ್ತಲಿನ ಮೂಲೆಗೆ ತಳ್ಳಿ ಬೆಳಕಿನ ಜಾಗ ಖಾಲಿ ಮಾಡಿಟ್ಟಿದ್ದರು.

ಹುಡುಗನ ತಾಯಿ ಮಾಲನಬಿ ಗಿಡ್ಡ ಹೆಂಗಸು, ತೀರ ಸೊರಗಿದ್ದರು. ಎತ್ತರ ಕೇಳಿದ ಕೂಡಲೇ ಎದ್ದು ಬಾಗಿಲ ಚೌಕಟ್ಟಿನ ಪಕ್ಕ ನಿಂತು ಕೈ ಮೇಲೆ ಮಾಡಿದರು.

“ಹೋಗಾಗ ನನಕಿಂತ ಬೊಟ್ಟಿನಷ್ಟು ಎತ್ತರ ಇದ್ದ. ಆಗ ಹದಿನಾಲ್ಕು. ಈಗ ಹದಿನೇಳು. ಇಲ್ಲಿಗಿ ಬಂದಿರ್ತಾನ ನೋಡ್ರಿ.”

“ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೆ ತಾಯಿ?”

ಅವರು ಕಣ್ಣು ಮುಚ್ಚಿ ನಿಂತರು. ಆಮೇಲೆ ಗಾಳಿಯಲ್ಲಿ ಒಂದು ಕಡೆ ಅಂಗೈ ಚಾಚಿ ಹಿಡಿದರು. ಅಲ್ಲಿ ಯಾರದೋ ಕೈಯನ್ನು ಹಿಡಿದುಕೊಂಡಂತೆಯೇ ಕಂಡಿತು. ನಾನು ನೆಲದ ಶಹಾಬಾದ್ ಕಲ್ಲಿನಿಂದ ಅವರ ಅಂಗೈವರೆಗೆ ಗಜಕಡ್ಡಿ ಇಟ್ಟು ನೋಡಿದೆ. ಮೂವತ್ತು ಇಂಚು. ದಸ್ತಗೀರ ಸಾಹೇಬರನ್ನೂ ಕೇಳಿದೆ; ದರ್ಜಿಯ ಕಣ್ಣು ಅಳತೆಯಲ್ಲಿ ತಪ್ಪುವುದಿಲ್ಲವಲ್ಲ. ಅವರು ಗೋಡೆಯ ಕಡೆ ತಿರುಗಿದರು.

“ಹದಿನಾಲ್ಕರ ಅಳತಿ ನನಗ ಗೊತ್ತದ ರೀ. ಮುಂದಿಂದು ಗೊತ್ತಿಲ್ಲ.”

“ಗೊತ್ತಿಲ್ಲಂತ ಯಾಕಂತೀರಿ?” ಎಂದು ಮಾಲನಬಿ ಗಂಡನ ಮೇಲೆ ರೇಗಿದರು. “ಮಕ್ಕಳು ಬೆಳ್ಯಾಂಗಿಲ್ಲೇನು?”

ನನ್ನನ್ನು ಬಸ್ಸಿಗೆ ಬಿಡಲು ಬಂದ ಸಾಹೇಬರು ದಾರಿಯಲ್ಲಿ ವಿಷಯ ಹೇಳಿದರು. 1948ರ ಸೆಪ್ಟೆಂಬರಿನಲ್ಲಿ, ಸೈನ್ಯ ಬಂದ ಮೇಲಿನ ದಿನಗಳಲ್ಲಿ, ಮಗ ಖಾಸಿಂ ಸೋದರಮಾವನ ಹಳ್ಳಿಯಲ್ಲಿದ್ದ. ಆ ಹಳ್ಳಿಯಲ್ಲಿ ಮುಸಲ್ಮಾನರ ಗಂಡಸರನ್ನು, ಹುಡುಗರನ್ನು ಕೊಂದು ಹಾಕಿದರು. ಸುದ್ದಿ ತಿಳಿದು ಇವರು ಹೋದಾಗ ಹೊಲದಂಚಿನ ಹಳ್ಳದಲ್ಲಿ ಹೆಣಗಳು ಬಿದ್ದಿದ್ದವು.

“ಮುಖ ಇದ್ದಿಲ್ರಿ. ಅಂಗಿ ನೋಡಿ ಗುರ್ತ ಹಿಡದೆ. ನಾ ಹೊಲದಿದ್ದ ಅಂಗಿ. ಗುಂಡಿ ಕಾಜು ನಾನs ಹಾಕಿದ್ದು. ನನ್ನ ಕೈ ಹೊಲಿಗಿ ನನಗ ಗುರ್ತು ಹತ್ತಂಗಿಲ್ಲೇನು? ಅಲ್ಲೇ ಮಣ್ಣು ಕೊಟ್ಟು ಬಂದೆ. ಆಕಿ ನಂಬಲಿಲ್ಲ. ಅದೇ ಥಾನಿನ ಬಟ್ಟಿ ಊರಾಗಿನ ಎಷ್ಟು ಹುಡುಗರಿಗಿ ಹೊಲದಿಲ್ಲ ನೀವು, ಮಂದಿ ಮಗನಿಗಿ ಮಣ್ಣು ಕೊಟ್ಟು ಬಂದೀರಿ ಅಂತಾಳ. ಖರೇನs ಹೊಲದೀನ್ರಿ. ಭಾಳ ಮಂದಿಗಿ ಹೊಲದೀನಿ.”

ನಮ್ಮ ಮನೆಗೂ ಆ ಕಾಲದ ಗಾಯವಿತ್ತು. ಅದಕ್ಕೆ ಕೆಲವು ತಿಂಗಳ ಮುಂಚೆ ನಿಜಾಮನ ಪರದ ರಜಾಕಾರರು ನಮ್ಮ ಚಿಕ್ಕಪ್ಪನ ಮನೆಗೆ ಬೆಂಕಿ ಹಚ್ಚಿದ್ದರು. ಚಿಕ್ಕಪ್ಪ ಹೊರಗೆ ಬರಲಿಲ್ಲ. ಅದನ್ನು ನಾನು ಸಾಹೇಬರಿಗೆ ಹೇಳಿದೆ. ಅವರು ನನ್ನ ತೋಳು ಹಿಡಿದುಕೊಂಡರು. ಸ್ವಲ್ಪ ದೂರ ಹಾಗೇ ನಡೆದೆವು.

“ಹಾಗಾದರೆ ಬೆಂಚು ಯಾಕೆ ಮಾಡಿಸುತ್ತೀರಿ?” ಎಂದು ಕೇಳಿದೆ.

“ಅಂವ ಕೇಳಿದ್ದ. ರಂಜಾನ್ ಆಗ್ಲಿ ಅಂದಿದ್ದೆ. ಈಗ ಆಕಿ ಊಟ ಬಿಟ್ಟಿದ್ಳು, ಮಾತ ಬಿಟ್ಟಿದ್ಳು. ಬೆಂಚ ಮಾಡಸ್ತೀನಿ ಅಂದ ದಿನ ಎದ್ದು ಕುಂತ್ಳು.”

ತಾಜಸುಲ್ತಾನಪುರದ ಒಂದು ಹೊಲದಲ್ಲಿ ಬಿದ್ದಿದ್ದ ಹಳೆಯ ಜಾಲಿ ಮರ ಸಿಕ್ಕಿತು. ಚೆನ್ನಾಗಿ ಒಣಗಿತ್ತು, ಕಬ್ಬಿಣದಷ್ಟು ಭಾರ. ಅದನ್ನೇ ಮೂರು ಇಂಚು ದಪ್ಪಕ್ಕೆ ಕೊಯ್ಸಿ ಮೇಲ್ಹಲಗೆ ಮಾಡಿದೆ. ನಾಲ್ಕು ಅಡಿ ಉದ್ದ, ಇಪ್ಪತ್ತು ಇಂಚು ಅಗಲ. ತೇಗದ ಕಾಲು, ಎಡತುದಿಯಲ್ಲಿ ವೈಸ್. ಎತ್ತರ ಮೂವತ್ತು ಇಂಚು. ಎತ್ತಿನ ಗಾಡಿಯಲ್ಲಿ ಹೋಗಿ ಕಿಟಕಿಯ ಬೆಳಕಿನಲ್ಲಿ ಇಟ್ಟು ಬಂದೆ. ಅಷ್ಟು ಒಳ್ಳೆಯ ಬೆಂಚನ್ನು ನಾನು ಅದಕ್ಕೂ ಮುಂಚೆ ಮಾಡಿರಲಿಲ್ಲ.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮರುವರ್ಷ ಮಾಲನಬಿ ಹೇಳಿಕಳಿಸಿದರು: ಹುಡುಗ ಇನ್ನಷ್ಟು ಬೆಳೆದಿರುತ್ತಾನೆ, ಬೆಂಚು ಎತ್ತರಿಸಬೇಕು. ಬೆಂಚಿಗೆ ಅಲುಗುವ ಕಾಲು ಇಡುವುದು ಕೆಟ್ಟ ಕೆಲಸ, ರಂದಾ ಹೊಡೆಯುವಾಗ ಅದು ನಿಲ್ಲುವುದಿಲ್ಲ. ಆದ್ದರಿಂದ ಅರ್ಧ ಇಂಚಿನ ನಾಲ್ಕು ಹಲಗೆತುಂಡುಗಳನ್ನು ಕಾಲಿನ ಅಗಲಕ್ಕೆ ಸರಿಯಾಗಿ ಮಾಡಿ, ಗೂಟ ಕೂಡಿಸಿ ಅಡಿಗೆ ಬಿಗಿದೆ. 1953ರಲ್ಲಿ ಇನ್ನೊಂದು ಅರ್ಧ ಇಂಚು. 1954ರಲ್ಲಿ ಇನ್ನೊಂದು. ಬೆಂಚಿನ ಮೇಲೆ ಎಂದೂ ಧೂಳಿರುತ್ತಿರಲಿಲ್ಲ. ವೈಸಿನ ತಿರುಪಿಗೆ ಮಾಲನಬಿಯೇ ಎಣ್ಣೆ ಹಾಕುತ್ತಿದ್ದರು. ಸಾಹೇಬರು ಮಾತ್ರ ಕತ್ತಲ ಮೂಲೆಯಲ್ಲಿ ಕುಳಿತು, ಕಣ್ಣು ಕಿರಿದಾಗಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು.

ಮೂರನೆಯ ಸಲ ಹೊರಡುವಾಗ ನಾನು ಕಸುಬಿನವನ ಒಂದು ಮಾತು ಹೇಳಿದೆ. ಇಪ್ಪತ್ತು ವರ್ಷವಾದ ಮೇಲೆ ಗಂಡುಮಕ್ಕಳು ಬೆಳೆಯುವುದಿಲ್ಲ, ಇನ್ನು ಎತ್ತರಿಸುವ ಅಗತ್ಯವಿಲ್ಲ ಎಂದೆ. ಮಾಲನಬಿ ನನ್ನ ಮುಖ ನೋಡಿದರು.

“ಹಂಗಾದ್ರ ಬರೂ ವರ್ಷ ನೀವು ಬರಂಗಿಲ್ಲೇನ್ರಿ?”

ಆ ಪ್ರಶ್ನೆ ಬಸ್ಸಿನಲ್ಲಿ ಕಲಬುರಗಿಯವರೆಗೂ ನನ್ನ ಜೊತೆ ಬಂತು.

1955ರಲ್ಲಿ ಕಮಲಾಪುರದಿಂದ ಸುದ್ದಿಯೇ ಬರಲಿಲ್ಲ. 1956ರ ಮಳೆಗಾಲ ಮುಗಿಯುವ ಹೊತ್ತಿಗೆ, ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವೆ ಎಂಬ ಮಾತು ಎಲ್ಲ ಕಡೆ ನಡೆದಿದ್ದಾಗ, ಬಸ್ಸಿನ ಕಂಡಕ್ಟರೊಬ್ಬ ಶಾಲೆಗೆ ಬಂದು ಹೇಳಿದ: “ದರ್ಜಿ ಸಾಹೇಬರ ಮನ್ಯಾಗ ಕರದಾರ್ರಿ. ಗರಗಸ ತರ್ಬೇಕಂತ.”

ಹೋದೆ. ಸಾಹೇಬರ ಬೆರಳುಗಳಿಗೆ ನಡುಕ ಬಂದಿತ್ತು. ಅವರಿಂದ ಈಗ ಯಂತ್ರದ ಹೊಲಿಗೆಯಷ್ಟೇ ಆಗುತ್ತಿತ್ತು. ಕೆಂಡ ತುಂಬಿದ ಭಾರದ ಇಸ್ತ್ರಿಪೆಟ್ಟಿಗೆಯ ಕೆಲಸವನ್ನು ಮಾಲನಬಿ ಮಾಡುತ್ತಿದ್ದರು. ನೆಲದ ಮೇಲೆ ಬಗ್ಗಿ ಮಾಡಿ ಅವರ ಬೆನ್ನು ಹಿಡಿದುಕೊಂಡಿತ್ತು.

“ಬೆಂಚು ನನ್ನ ಎತ್ತರಕ್ಕ ಇಳಸ್ರಿ ಮಾಸ್ತರ. ಇಸ್ತ್ರಿ ಮಾಡಾಕ ಆಗ್ತದ. ಆ ಕಬ್ಬಿಣದ್ದು ಬಟ್ಟಿಗಿ ತೊಡರ್ತದ, ಅದನ್ನೂ ಬಿಚ್ಚಿಬಿಡ್ರಿ.”

ಅವರನ್ನು ನಿಲ್ಲಿಸಿ ಮಣಿಕಟ್ಟಿನ ಎತ್ತರ ನೋಡಿದೆ. ಇಪ್ಪತ್ತೇಳು ಇಂಚು. ಅಡಿಯ ತುಂಡುಗಳನ್ನೆಲ್ಲ ತೆಗೆದರೂ ಮೂವತ್ತಕ್ಕೆ ಬಂದು ನಿಲ್ಲುತ್ತದೆ. ಕಾಲುಗಳನ್ನೇ ಮೂರು ಇಂಚು ಕೊಯ್ಯಬೇಕು ಎಂದೆ.

“ಕೊಯ್ರಿ,” ಎಂದರು ಮಾಲನಬಿ.

ಮೂಲೆಯಿಂದ ಸಾಹೇಬರು ಎದ್ದು ಬಂದರು. “ತುಂಡು ತೆಗೀರಿ, ಸಾಕು. ಕೊಯ್ಯೂದು ಬ್ಯಾಡ. ಕೊಯ್ದ್ರ ಮತ್ತ ಕೂಡಂಗಿಲ್ಲ. ಇದೊಂದ್ ವರ್ಷ ನೋಡೂಣು.”

“ಏನ್ ನೋಡೂದು?” ಮಾಲನಬಿಯ ದನಿ ಏರಲಿಲ್ಲ. “ನೀವs ಮಣ್ಣು ಕೊಟ್ಟು ಬಂದೀರಿ. ಎಂಟು ವರ್ಷ ನಾ ನಿಮ್ಮ ಮಾತ ಕೇಳಲಿಲ್ಲ. ಈಗ ಕೇಳಾಕತ್ತೀನಿ.”

“ನಾ ಸುಳ್ಳು ಹೇಳಿದ್ದೆ ಅಂತ ತಿಳಕೋ. ಬ್ಯಾರೆ ಯಾರದರೆ ಅಂಗಿ ಇರಬಹುದು. ಅದೇ ಥಾನಿನ ಬಟ್ಟಿ ಎಷ್ಟು ಮಂದಿಗಿ ಹೊಲದೀನಿ ನಾ…”

ಇಷ್ಟು ವರ್ಷ ಹೆಂಡತಿ ಹೇಳುತ್ತಿದ್ದ ಮಾತನ್ನು ಈಗ ಅವರೇ ಹೇಳುತ್ತಿದ್ದರು. ಮಗ ಸತ್ತನೆಂದು ತಿಳಿದಿದ್ದ ಆ ಮನುಷ್ಯ, ಬರುತ್ತಾನೆಂಬ ಹೆಂಡತಿಯ ನಂಬಿಕೆಯೊಳಗೇ ಇಷ್ಟು ದಿನ ಬದುಕಿದ್ದರು. ಅವರಿಗೆ ಬೇರೆ ಆಸರೆ ಇರಲಿಲ್ಲ. ಮಾಲನಬಿ ಗಂಡನ ಹತ್ತಿರ ಹೋಗಿ ಅವರ ನಡುಗುವ ಬೆರಳುಗಳನ್ನು ತಮ್ಮ ಸೆರಗಿನಲ್ಲಿ ಹಿಡಿದುಕೊಂಡರು.

“ಅಂವ ಬರಂಗಿಲ್ರಿ. ಖಾಸಿಂ ಬರಂಗಿಲ್ಲ.”

ಸಾಹೇಬರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ನಾನು ವೈಸ್ ಬಿಚ್ಚಿದೆ. ನಾನೂ ಮಾಲನಬಿಯೂ ಸೇರಿ ಬೆಂಚನ್ನು ಮಗ್ಗುಲಿಗೆ ಉರುಳಿಸಿದೆವು. ಅಡಿಯ ತುಂಡುಗಳನ್ನು ಕಿತ್ತು, ಪ್ರತಿ ಕಾಲಿಗೂ ಸುತ್ತ ಗೆರೆ ಹಾಕಿ ಕೊಯ್ಯತೊಡಗಿದೆ. ಮೂರು ಕಾಲು ಮುಗಿದವು. ನಾಲ್ಕನೆಯದಕ್ಕೆ ಗರಗಸವಿಟ್ಟಾಗ ಬೆಂಚು ಅದುರುತ್ತಿತ್ತು. ಆಗ ಸಾಹೇಬರು ಒಳಗೆ ಬಂದು, ನೆಲದ ಮೇಲೆ ಕುಳಿತು, ಆ ಕಾಲನ್ನು ಎರಡೂ ಕೈಯಿಂದ ಅವುಚಿ ಹಿಡಿದರು. ಗರಗಸ ಮರವನ್ನು ದಾಟುವವರೆಗೂ ಬಿಡಲಿಲ್ಲ.

ಬೆಂಚನ್ನು ಎತ್ತಿ ನಿಲ್ಲಿಸಿ ನಾಲ್ಕೂ ಮೂಲೆ ಒತ್ತಿ ನೋಡಿದೆ. ಎಲ್ಲಿಯೂ ಅಲುಗಲಿಲ್ಲ. ಮಾಲನಬಿ ಮರದ ಪುಡಿ ಗುಡಿಸಿದರು.

ಮುಂದೆ ಮೂವತ್ತು ವರ್ಷಕ್ಕೆ ಹತ್ತಿರ ಮರಗೆಲಸ ಕಲಿಸಿದೆ. ಮನೆಬೆಂಚಿಗೆ ಭಾರ ಬೇಕು, ಬೆಳಕು ಬೇಕು, ಹಿಡಿತ ಬೇಕು, ಎಲ್ಲಕ್ಕೂ ಮೊದಲು ಬಳಸುವವನ ಎತ್ತರ ಬೇಕು ಎಂದು ಪ್ರತಿ ತಂಡದ ಹುಡುಗರಿಗೂ ಹೇಳಿದೆ. ಹೇಳುವಾಗಲೆಲ್ಲ ಗಾಳಿಯಲ್ಲಿ ಚಾಚಿದ್ದ ಒಂದು ಅಂಗೈ ಕಣ್ಣಿಗೆ ಬರುತ್ತಿತ್ತು. ಜನ ನಮ್ಮ ಬಳಿ ಬಾಗಿಲು, ಮೇಜು, ಬೆಂಚು ಬೇಕೆಂದು ಬರುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದನ್ನು ಎಷ್ಟೋ ಸಲ ಯಾವ ಬಡಿಗನೂ ಮಾಡಿಕೊಡಲಾರ. ಅಂಥ ಮನೆಯಲ್ಲಿ ನಾವು ಸಮಾಧಾನ ಹೇಳಹೋಗಬಾರದು. ನಾಲ್ಕು ಕಾಲನ್ನೂ ಒಂದೇ ಸಮಕ್ಕೆ ಕೊಯ್ದು, ಅವರು ಭಾರ ಬಿಟ್ಟಾಗ ಅಲುಗದ ಹಾಗೆ ನಿಲ್ಲಿಸಿ ಬರಬೇಕು. ಕಸುಬು ನನಗೆ ಕಲಿಸಿದ್ದು ಇಷ್ಟು.