ಶೇಂಗಾ ತಾಲೀಮು

ಮರಾಠಿ ನಾಟಕ, ಸಿನಿಮಾಗಳಲ್ಲಿ ಇವತ್ತು ದೊಡ್ಡ ನಿರ್ದೇಶಕನೆನಿಸಿಕೊಂಡಿರುವ ಒಬ್ಬ ಮನುಷ್ಯ ಎರಡು ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿದ್ದ, ನಮ್ಮವ್ವ ಬಡಿದ ರೊಟ್ಟಿ ತಿಂದಿದ್ದ. ಈ ಮಾತನ್ನು ಎಷ್ಟು ಮಂದಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ಶಿಗ್ಗಾವಿಯಲ್ಲಿ ನಾನು ಕಲಿಸುವ ಶಾಲೆಯಲ್ಲಿ ಯಾರಾದರೂ ಸಿನಿಮಾದ ಸುದ್ದಿ ತೆಗೆದರೆ ಸಾಕು, ಉಳಿದ ಮಾಸ್ತರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಆತ್ ನೋಡ್ರಿ, ಅಕ್ಕೋರ ಪುರಾಣ ಚಾಲೂ ಆತು" ಎನ್ನುತ್ತಾರೆ. ಎನ್ನಲಿ ಬಿಡಿ. ಉರಿಯುವುದು ನನ್ನ ಹೊಟ್ಟೆ, ಅವರದಲ್ಲ.

ನಮ್ಮೂರು ಚಿಕ್ಕೇರೂರಿನ ಮಗ್ಗುಲಿನ ಹಳ್ಳಿ. ಅಪ್ಪ ಪೇಟಿ ಮಾಸ್ತರ. ಪೇಟಿ ಎಂದರೆ ಹಾರ್ಮೋನಿಯಂ. ಆದರೆ ನಮ್ಮ ಕಡೆ ಪೇಟಿ ಮಾಸ್ತರನಾದವನು ಬರೀ ಪೇಟಿ ಬಾರಿಸಿದರೆ ನಡೆಯುವುದಿಲ್ಲ. ಊರವರು ನಾಟಕ ಆಡುತ್ತೇವೆಂದು ನಿಂತರೆ ಅವರಿಗೆ ಮಾತು, ಹಾಡು, ನಿಲ್ಲುವುದು, ನಡೆಯುವುದು, ಅಳುವುದು ಎಲ್ಲವನ್ನೂ ಕಲಿಸಬೇಕು. ಅಬಲೂರಿನಿಂದ ಹಾನಗಲ್ಲಿನ ತನಕ ಅಪ್ಪನನ್ನು ಕರೆಯದ ಊರಿರಲಿಲ್ಲ.

ಆ ಮನುಷ್ಯ ಬಂದದ್ದೂ ಹಾನಗಲ್ಲಿನಿಂದಲೇ. ಸಾಂಗಲಿ ಕಡೆಯ ಒಂದು ನಾಟಕ ಕಂಪನಿ ಅಲ್ಲಿ ಡೇರೆ ಹಾಕಿತ್ತು. ಗಾಳಿಗೆ ಡೇರೆ ಹರಿದು, ಕಂಪನಿ ಮುಚ್ಚಿ, ಎಲ್ಲರೂ ತಮ್ಮ ತಮ್ಮ ಊರಿನ ಬಸ್ಸು ಹತ್ತಿದರು. ಪರದೆ ಬರೆಯುತ್ತಿದ್ದ ಇವನೊಬ್ಬ ಬಣ್ಣದ ಡಬ್ಬಿಗಳ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದನಂತೆ. ನಮಗೂ ಪರದೆ ಬೇಕಾಗಿದ್ದವು. ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಅವನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಪ್ಪನಿಗೆ ಮಾಸ್ತರ ಎಂದ, ಅವ್ವನಿಗೆ ತನ್ನ ಮರಾಠಿಯಲ್ಲಿ ವೈನಿ, ಅಂದರೆ ಅತ್ತಿಗೆ, ಎಂದ, ನನಗೆ ತಂಗೆವ್ವ ಎಂದ. ಮೂರು ತಿಂಗಳಲ್ಲಿ ನಮ್ಮ ಕನ್ನಡ ಕಲಿತ. ನಾನು ಅವನಿಂದ ಅಷ್ಟಿಷ್ಟು ಮರಾಠಿ ಕಲಿತೆ.

ಅಪ್ಪನ ತಾಲೀಮಿನ ಬಗ್ಗೆ ಹೇಳದಿದ್ದರೆ ಮುಂದಿನದೇನೂ ತಿಳಿಯುವುದಿಲ್ಲ. ಪಾರ್ಟು ಮಾಡುವ ಅರ್ಧ ಮಂದಿಗೆ ಓದು ಬರುತ್ತಿರಲಿಲ್ಲ, ಓದು ಬರುವವರಿಗೆ ನೆನಪು ನಿಲ್ಲುತ್ತಿರಲಿಲ್ಲ. ಅದಕ್ಕೇ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಬೀಜದ ಶೇಂಗಾ ರಾಶಿ ಬೀಳುತ್ತಿತ್ತು. ಪಾರ್ಟಿನವರೆಲ್ಲ ಸುತ್ತ ಕೂತು ಸುಲಿಯುತ್ತಾ ಮಾತು ಕಲಿಯುತ್ತಿದ್ದರು, ರಾಶಿ ಸುರುವಿ ಅವ್ವನೂ ಅವರ ನಡುವೆ ಸುಲಿಯಲು ಕೂರುತ್ತಿದ್ದಳು. ಅಪ್ಪ ಕಟ್ಟೆಯ ಮೇಲೆ ಪೇಟಿ ಮುಂದಿಟ್ಟುಕೊಂಡು ಪುಸ್ತಕದಿಂದ ಓದುತ್ತಿದ್ದ. ಒಂದು ಮಾತಿಗೆ ಒಂದು ಹಿಡಿ ಶೇಂಗಾ. ಹಿಡಿ ತೀರುವುದರೊಳಗೆ ಮಾತೂ ತೀರಬೇಕು. ತಪ್ಪಿದರೆ ಮತ್ತೊಂದು ಹಿಡಿ, ಮತ್ತೆ ಮೊದಲಿನಿಂದ. ದುಃಖದ ಮಾತು ಬಂದರೆ ಕೈ ತಾನಾಗಿಯೇ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಬಾಯಿಯೂ ಸುಮ್ಮನಾಗಬೇಕು, ಮುಂದಿನ ಕಾಯಿ ಬೆರಳಿಗೆ ಸಿಕ್ಕ ಮೇಲೆಯೇ ಮುಂದಿನ ಮಾತು. ಆಟದ ದಿನ ಕೈಯಲ್ಲಿ ಶೇಂಗಾ ಇರುತ್ತಿರಲಿಲ್ಲ, ಆದರೆ ಕೈಗೆ ಎಲ್ಲಾ ನೆನಪಿರುತ್ತಿತ್ತು. ರಾಜನ ಪಾರ್ಟು ಎಂದರೆ ಗಂಟಲು ಹರಿಯುವಂತೆ ಒದರುವುದು ಎಂದುಕೊಂಡಿದ್ದ ಒಬ್ಬ ದಾಂಡಿಗ ರೈತ, ಸತ್ತ ಮಗನ ಮುಂದೆ ಕೂತು ಎರಡೇ ಮಾತನಾಡಿ ಸುಮ್ಮನಾದಾಗ ಇಡೀ ಊರು ಗೊಳೋ ಎಂದು ಅತ್ತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವನು ಕುಂಚ ಬಿಟ್ಟು ಬಂದು ಇದನ್ನೇ ನೋಡುತ್ತಾ ಕೂತಿರುತ್ತಿದ್ದ. "ಅರೇ ವಾ, ಮಾಸ್ತರ, ಹಿಂಗ ಎಲ್ಲೂ ಕಂಡಿಲ್ಲರಿ!" ಎನ್ನುತ್ತಿದ್ದ. ಅಪ್ಪ ನಕ್ಕು ಪೇಟಿಯ ಮೇಲೆ ಒಂದು ತುಣುಕು ಬಾರಿಸುತ್ತಿದ್ದ. ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವನ ಕಾಲಿಗೆ, ಅಪ್ಪನ ಕಾಲಿಗೆ ಬಿದ್ದು ಪುಣೆಗೆ ಹೋದ. ಮೊದಮೊದಲು ಕಾಗದ ಬರುತ್ತಿದ್ದವು: ಕಾಲೇಜು ಹುಡುಗರಿಗೆ ಏಕಾಂಕ ಮಾಡಿಸಿದೆ, ಮೊದಲ ಬಹುಮಾನ ಬಂತು, ದೊಡ್ಡ ನಾಟಕ ಸಿಕ್ಕಿದೆ, ಮುಂಬಯಿಗೆ ಹೊರಟಿದ್ದೇನೆ. ಆಮೇಲೆ ಕಾಗದ ನಿಂತವು, ಪೇಪರಿನಲ್ಲಿ ಫೋಟೋ ಬರತೊಡಗಿದವು. ನಾಟಕದಿಂದ ಸಿನಿಮಾಕ್ಕೆ ಹೋದ. ಅವನ ಸಿನಿಮಾಗಳಲ್ಲಿ ನಟರು ಕಡಿಮೆ ಮಾತಾಡುತ್ತಾರೆ, ಕೈಗಳು ಏನಾದರೂ ಮಾಡುತ್ತಿರುತ್ತವೆ, ತಟ್ಟನೆ ನಿಲ್ಲುತ್ತವೆ, ನೋಡುವವರ ಎದೆ ಧಸ್ ಎನ್ನುತ್ತದೆ. ಇದು ಅವನದೇ ವಿಶೇಷ ಪದ್ಧತಿಯಂತೆ. ಅದನ್ನು ಕಲಿಯಲು ಎಲ್ಲೆಲ್ಲಿಂದಲೋ ಹುಡುಗರು ಅವನ ಶಿಬಿರಕ್ಕೆ ಬರುತ್ತಾರಂತೆ.

ಒಂದು ಭಾನುವಾರ ನನ್ನ ಮೊಬೈಲಿನಲ್ಲಿ ಅವನ ಸಂದರ್ಶನ ಸಿಕ್ಕಿತು. ಅಪ್ಪ, ಅವ್ವ ಆಗಲೇ ನನ್ನ ಜೊತೆ ಶಿಗ್ಗಾವಿಯಲ್ಲಿದ್ದರು. ಅಪ್ಪನನ್ನು ಕರೆದು ಮಗ್ಗುಲಲ್ಲಿ ಕೂರಿಸಿಕೊಂಡೆ. ಈ ಪದ್ಧತಿ ನಿಮಗೆ ಎಲ್ಲಿಂದ ಬಂತು ಎಂದು ಕೇಳಿದರು. ನಾನು ಮೊಬೈಲಿನ ದನಿ ಏರಿಸಿದೆ. ಅವನು ಗಡ್ಡ ನೀವಿಕೊಂಡು, ನನ್ನ ಒಳಗಿನಿಂದಲೇ ಬಂತು, ಎಂದ. ಅಬ್ಬಾ! ಒಳಗಿನಿಂದ! ಅವನ ಒಳಗೆ ಇದ್ದದ್ದೆಲ್ಲ ನಮ್ಮ ಮನೆಯ ರೊಟ್ಟಿ, ಪುಂಡಿಪಲ್ಲೆ! ಮೊಬೈಲನ್ನು ಗೋಡೆಗೆ ಒಗೆಯುವುದೊಂದು ಬಾಕಿಯಿತ್ತು. ಅಪ್ಪ ಮಾತ್ರ, "ಹೋಗ್ಲಿ ಬಿಡವಾ, ದೊಡ್ಡಾಂವ ಆಗ್ಯಾನ, ಚಲೋ ಆತು" ಎಂದು ಟವೆಲ್ಲು ಕೊಡವಿ ಎದ್ದುಹೋದ. ಅದು ಅಪ್ಪನ ದೊಡ್ಡ ಗುಣ ಎಂದುಕೊಂಡೆ. ಹೋದ ವರ್ಷ ಅಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ದಿನವೇ ನಿಶ್ಚಯಿಸಿದೆ: ಅವನ ಬಾಯಿಂದ ಒಮ್ಮೆ, ನಾಲ್ಕು ಮಂದಿಯ ಮುಂದೆ, ಅಪ್ಪನ ಹೆಸರು ಹೇಳಿಸದೆ ಬಿಡುವುದಿಲ್ಲ.

ಈ ವರ್ಷ ಅವನಾಗಿಯೇ ನಮ್ಮ ಕಡೆ ಬಂದ. ಸವಣೂರಿನಲ್ಲಿ ಒಂದು ಹಳೆಯ ಮುಸಲ್ಮಾನ ಮನೆತನದವರ ದೊಡ್ಡ ಮನೆಯಲ್ಲಿ ಅವನ ಶೂಟಿಂಗು ನಡೆದಿದೆ ಎಂದು ತಿಳಿಯಿತು. ಶಾಲೆಗೆ ರಜೆ ಬರೆದುಕೊಟ್ಟೆ. ಅಪ್ಪನ ಟ್ರಂಕಿನಿಂದ ನಾಟಕದ ಹ್ಯಾಂಡ್‌ಬಿಲ್ಲುಗಳ ಕಟ್ಟು ತೆಗೆದುಕೊಂಡೆ. ಅವ್ವ ಬಾಗಿಲಲ್ಲಿ ನಿಂತು, "ಸುಮ್ನ ಯಾಕ ಹೊಂಟಿ? ಹಳೇದೆಲ್ಲಾ ಕೆದರಬ್ಯಾಡ" ಎಂದಳು.

"ನೀ ಸುಮ್ಕಿರವ್ವ, ಇಂಥಾದ್ದೆಲ್ಲಾ ನಿನಗ ತಿಳಿಯೂದಿಲ್ಲ," ಎಂದೆ ನಾನು. ಹೀಗೇ ಎಂದೆ, ಇದೇ ಮಾತು.

ಆ ಮನೆಯ ಹಿರಿಯ ಹೆಂಗಸು ನನ್ನನ್ನು ಯಾರೋ ದೊಡ್ಡವಳೆಂದು ತಿಳಿದು, "ಬರ್ರಿ ಅಕ್ಕಾರ, ಒಳಗ ಕುಂತ್ಕೋರ್ರಿ" ಎಂದು ಚಹಾ ಕೊಟ್ಟರು. ಕಂಬದ ಸಂದಿನಿಂದ ಅಂಗಳ ಕಾಣುತ್ತಿತ್ತು. ಒಬ್ಬ ನಟಿ ಮೊರದ ಮುಂದೆ ಕೂತು ಶೇಂಗಾ ಸುಲಿಯುತ್ತಾ ಮಾತು ಒಪ್ಪಿಸುತ್ತಿದ್ದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದ. ನಮ್ಮ ಅಂಗಳವನ್ನೇ ಎತ್ತಿ ತಂದು ಇಲ್ಲಿ ಹಾಸಿದ ಹಾಗಿತ್ತು. ಚಹಾ ಅಲ್ಲೇ ಇಟ್ಟು ಎದ್ದೆ.

ನೋಡಿದವನೇ ಗುರುತು ಹಿಡಿದ. "ತಂಗೆವ್ವಾ! ಇಷ್ಟು ಬೆಳ್ಳಗ ಆಗ್ಯಾವಲ್ಲ ಕೂದಲು! ವೈನಿ ಹೆಂಗದಾರ?"

"ವೈನಿ ಆರಾಮ ಅದಾರ. ಅಪ್ಪ ಹೋದ್ರು."

ಅವನ ಮುಖ ಇಳಿಯಿತು. "ನನಗ ಗೊತ್ತಾಗಲೇ ಇಲ್ಲ," ಎಂದ.

"ಗೊತ್ತಾಗೂದರ ಹೆಂಗ್ರಿ ಅಣ್ಣಾರ? ಒಳಗಿಂದ ಬರೂವಂಥಾ ಸುದ್ದಿ ಅಲ್ಲಲ್ಲ ಅದು." ಸುತ್ತಲಿದ್ದವರಿಗೆ ಕನ್ನಡ ತಿಳಿಯದಿದ್ದರೂ ನನ್ನ ದನಿ ತಿಳಿದಿರಬೇಕು, ಒಬ್ಬೊಬ್ಬರೇ ಸರಿದರು. ಕಟ್ಟನ್ನು ಅವನ ಮುಂದೆ ಬಡಿದೆ. "ಓದ್ರಿ ಇದನ್ನ. ನೀವು ಬರೇ ಪರದೆ ಬರದಿದ್ರಿ. ಅಷ್ಟಕ್ಕ ನಮ್ಮಪ್ಪ ನಿಮ್ಮ ಹೆಸರು ಅಚ್ಚು ಹಾಕಿಸಿದ್ರು. ನಮ್ಮಪ್ಪನ ವಿದ್ಯೆ ಮ್ಯಾಲ ನೀವು ಇಷ್ಟೆತ್ತರ ಬೆಳದ್ರಿ. ಒಮ್ಮೆರ ಅವರ ಹೆಸರು ಹೇಳಾಕ ನಾಲಿಗಿ ಏಳಲಿಲ್ಲೇನು ನಿಮಗ?"

ಅವನು ಒಂದು ಹ್ಯಾಂಡ್‌ಬಿಲ್ಲು ತೆಗೆದು ಕನ್ನಡಕ ಏರಿಸಿದ. ಪರದೆಯ ಮೇಲೆ ಕನ್ನಡ ಅಕ್ಷರ ಬರೆದೂ ಬರೆದೂ ಓದು ಬರುತ್ತಿತ್ತು. ನಿಧಾನವಾಗಿ, ಗಟ್ಟಿಯಾಗಿ ಓದಿದ. ಕಲಿಸಿದವರು ಮತ್ತು ಪೇಟಿ: ಅಪ್ಪನ ಹೆಸರು. ತಬಲಾ, ಪರದೆ, ಮೈಕ್ ಸೆಟ್, ಬಣ್ಣ. ಬೆಂಚು ಕೊಟ್ಟವರು. ಕಂದೀಲು ಕೊಟ್ಟವರು. ಚಹಾದ ವ್ಯವಸ್ಥೆ. ಎಲ್ಲರ ಹೆಸರೂ ಅದರಲ್ಲಿದ್ದವು.

"ಯಾರು ಬರದದ್ದು ಇದನ್ನ?"

"ನಾನ. ಸಾಲ್ಯಾಗ ಆರನೇತ್ತೆ ಇದ್ದಾಗಿಂದ ನಾನ ಬರದು ಕೊಡ್ತಿದ್ದೆ. ಹಿರೇಕೆರೂರಿನ ಪ್ರೆಸ್ಸಿನವರು ನನ್ನ ಅಕ್ಷರ ಅಂದ್ರ ಹಂಗ ಅಚ್ಚು ಹಾಕ್ತಿದ್ರು."

"ಇದರಾಗ ವೈನಿ ಹೆಸರು ಎಲ್ಲೈತಿ?"

"ಅವ್ವನ ಹೆಸರು ಯಾಕ? ಅವ್ವ ಏನು ಪಾರ್ಟು ಮಾಡ್ತಿದ್ಲೇನು?"

ಅವನು ನನ್ನನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೆಂದು ಮೊದಲು ಅನಿಸಿರಬೇಕು. "ಖರೇನ ಗೊತ್ತಿಲ್ಲೇನು ನಿನಗ? ಮಾಸ್ತರು ಪುಸ್ತಕ ಓದ್ತಿದ್ರು, ಪೇಟಿ ಬಾರಸ್ತಿದ್ರು. ಒಂದು ಸಲ ಕೇಳಿದ್ರ ವೈನಿಗೆ ಇಡೀ ನಾಟಕ ಬಾಯಿಗೆ ಬರ್ತಿತ್ತು. 'ಇಲ್ಲಿ ಕೈ ನಿಲ್ಲಸು, ಇಲ್ಲಿ ಕಾಯಿ ಒಡದ ಮ್ಯಾಲ ಮಾತಾಡು' ಅಂತ ಆ ಗಂಡಸರ ನಡುವ ಕುಂತು ಸಣ್ಣ ದನಿಯೊಳಗ ಹೇಳ್ತಿದ್ದವರು ಯಾರು? ಶೇಂಗಾ ಯಾರದು? ನಾ ಮಾಸ್ತರನ್ನ ಕೇಳಿದ್ದೆ. ಹೌದಪಾ, ಇದು ಆಕೀದ, ಆದ್ರ ಹೆಣ್ಮಗಳು ಕಲಸ್ತಾಳ ಅಂತ ಹೊರಗ ಸುದ್ದಿ ಆದ್ರ ಮಂದಿ ನಗ್ತಾರ, ಒಬ್ಬ ಗಂಡಸೂ ತಾಲೀಮಿಗೆ ಬರೂದಿಲ್ಲ, ನೀ ಬಾಯಿ ಬಿಡಬ್ಯಾಡ, ಅಂದ್ರು."

"ಅದಕ್ಕ ನೀವು ನಂದು ಅಂದ್ರೇನು?"

"ಮೊದಲು ಯಾರ ಹೆಸರು ಹೇಳಬೇಕು ತಿಳೀಲಿಲ್ಲ. ಮಾಸ್ತರದು ಅಂದ್ರ ಸುಳ್ಳು, ವೈನೀದು ಅಂದ್ರ ಮಾಸ್ತರಿಗೆ ಕೊಟ್ಟ ಮಾತು ಮುರದಂಗ. ಆಮ್ಯಾಲ ಮಂದೀನ ಇದು ನಿಮ್ದು ಅನ್ನಾಕತ್ರು. ಕೇಳಾಕ ಚಲೋ ಅನಸ್ತು, ತಂಗೆವ್ವ. ನಾ ಏನು ಸಂತ ಅಲ್ಲ." ಹ್ಯಾಂಡ್‌ಬಿಲ್ಲನ್ನು ಕಟ್ಟಿನ ಮೇಲಿಟ್ಟು ಹೇಳಿದ: "ಈ ಸಿನಿಮಾದಾಗ ಮೊಟ್ಟಮೊದಲು ವೈನಿ ಹೆಸರು ಹಾಕ್ತೇನಿ. ಹೋಗಿ ಕೇಳ್ಕೊಂಡು ಬಾ."

ಕಳ್ಳನ ಮುಂದೆ ನಿಂತು ನಾನೇ ಕಳ್ಳಿಯಾದೆ. ಕಟ್ಟನ್ನು ಎತ್ತಿಕೊಂಡು ಹೊರಬಿದ್ದೆ. ಸವಣೂರಿನಿಂದ ಶಿಗ್ಗಾವಿಯ ತನಕ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ಈಗ ಎಲ್ಲವೂ ಕಾಣತೊಡಗಿತು. ಅಪ್ಪ ಕಟ್ಟೆಯ ಮೇಲೆ, ಅವರಿಂದ ಹತ್ತು ಮಾರು ದೂರ. ಅವ್ವ ನಡುವೆ, ಸೆರಗು ಹೊದ್ದು, ತಲೆ ತಗ್ಗಿಸಿಕೊಂಡು, ತುಟಿ ಅಲ್ಲಾಡಿಸುತ್ತಾ. ಆ ದಾಂಡಿಗ ರೈತ ಮಾತು ಮರೆತಾಗಲೆಲ್ಲ ನೋಡುತ್ತಿದ್ದದ್ದು ಅಪ್ಪನ ಕಡೆಗಲ್ಲ. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆದಿತ್ತು. ಅಪ್ಪ ಅವತ್ತು ಟವೆಲ್ಲು ಕೊಡವಿ ಎದ್ದುಹೋದದ್ದು ಯಾಕೆಂದೂ ತಿಳಿಯಿತು, ಸತ್ತವನ ಮೇಲೆ ಮೈಯೆಲ್ಲ ಸಿಟ್ಟು ಬಂತು.

ಅವ್ವ ಅಡುಗೆಮನೆಯಲ್ಲಿ ಮೆಂತೆಪಲ್ಲೆಯ ಎಲೆ ಬಿಡಿಸುತ್ತಿದ್ದಳು. ಎದುರಿಗೆ ಕೂತು ಕೇಳಿದೆ, "ಅವ್ವಾ, ತಾಲೀಮಿನ್ಯಾಗ ಎಲ್ಲಾರಿಗೂ ಕಲಸ್ತಿದ್ದಾಕಿ ನೀನೇನು?"

ಅವಳು ತಲೆ ಎತ್ತಲಿಲ್ಲ. "ಅಂವಗರ ನೆನಪೈತಲ್ಲ," ಎಂದಳು.

"ಸಿನಿಮಾದಾಗ ನಿನ್ನ ಹೆಸರು ಹಾಕ್ತಾನಂತ."

"ಬ್ಯಾಡ ಅನ್ನು."

"ಯಾಕ ಬ್ಯಾಡ? ಅಂವ ಹಾಕದಿದ್ರ ನಾ ಬರೀತೇನಿ. ಪೇಪರಿಗೆ ಬರೀತೇನಿ, ನಿನ್ನ ಹೆಸರು ದಪ್ಪ ಅಕ್ಷರದಾಗ ಹಾಕಿ ಬರೀತೇನಿ."

"ನನ್ನ ಹೆಸರು ಬರದೀ ಅಂದ್ರ ಈ ಮನ್ಯಾಗ ನಾ ಒಂದು ಹನಿ ನೀರು ಮುಟ್ಟೂದಿಲ್ಲ, ನೋಡ್ಕೋ." ಅವಳ ಮಾತೆಂದರೆ ಮಾತು. ಅದಕ್ಕೇ ಇಲ್ಲಿಯೂ ಅವಳ ಹೆಸರಿಲ್ಲ, ಅವಳದಿಲ್ಲದ ಮೇಲೆ ಉಳಿದವರದೂ ಬೇಡವೆಂದು ಬಿಟ್ಟಿದ್ದೇನೆ.

"ಅಪ್ಪನ ಮ್ಯಾಲ ಸಿಟ್ಟು ಬರಲಿಲ್ಲೇನವ್ವಾ ನಿನಗ?"

"ನಿಮ್ಮಪ್ಪ ಅಂಜಬುರುಕ. ಅದು ಮದಿವಿ ಆದ ವರ್ಷಾನ ಗೊತ್ತಾಗಿತ್ತು. ಅವರ ಮ್ಯಾಲ ನನಗ ಆಸೆ ಇರಲಿಲ್ಲ." ಒಂದು ದಂಟು ಮುರಿದಳು. "ನಿನ್ನ ಮ್ಯಾಲಿತ್ತು."

"ನಾ ಸಣ್ಣಾಕಿ ಇದ್ದೆ ಅವ್ವಾ."

"ಹೌದು, ಸಣ್ಣಾಕಿ. ಬೆಂಚು ಕೊಟ್ಟಾಂವ ನಿನಗ ನೆನಪಾಗ್ತಿದ್ದ." ಈಗ ನನ್ನ ಮುಖ ನೋಡಿದಳು. "ಪ್ರೆಸ್ಸಿನಿಂದ ಹ್ಯಾಂಡ್‌ಬಿಲ್ಲು ಬಂದ ದಿನ ಕೆಲಸಾ ಎಲ್ಲಾ ಬಿಟ್ಟು ನಿನ್ನ ಮುಂದ ಕುಂತು ಓದಸ್ತಿದ್ದೆ. ನನಗ ಓದು ಬರ್ತಿದ್ದಿಲ್ಲಲ್ಲ. ಪೂರಾ ಓದು ಅಂತಿದ್ದೆ. ನೀ ಗಂಟಲಾ ಬಿಟ್ಟು ಓದ್ತಿದ್ದಿ, ಚಹಾ ಕಾಸಿದಾಂವನ ತನಕ. ಇಷ್ಟ ಏನು, ಹಿಂದ ಏನರ ಬರದೈತೇನು ನೋಡು, ಅಂತಿದ್ದೆ. ನೀ ಹಾಳಿ ತಿರುವಿ ನೋಡಿ, ಏನೂ ಇಲ್ಲವ್ವಾ, ಖಾಲಿ ಐತಿ, ಅಂತಿದ್ದಿ. ಎಲ್ಲಾ ಸಲಾನೂ ನೋಡಸ್ತಿದ್ದೆ."